ಬಾಡಿಗೆಯವರು ಮಧ್ಯದಲ್ಲೇ ಹೊರಟರೆ ಅಡ್ವಾನ್ಸ್ ಯಾರದ್ದು?

ಬೆಂಗಳೂರು ವಿಜಯನಗರದ ಓದುಗರೊಬ್ಬರು ಬರೆದಿದ್ದಾರೆ: ‘ಮಹಡಿ ಮನೆಯನ್ನು ತಿಂಗಳಿಗೆ 18,000 ರೂಪಾಯಿಗೆ ಬಾಡಿಗೆ ಕೊಟ್ಟಿದ್ದೇವೆ. ಅಡ್ವಾನ್ಸ್ 1 ಲಕ್ಷ. 11 ತಿಂಗಳ ಕರಾರು, ಅದರಲ್ಲಿ 6 ತಿಂಗಳು ಲಾಕ್-ಇನ್, ಅಂದರೆ ಅಷ್ಟರೊಳಗೆ ಬಿಡುವಂತಿಲ್ಲ. ನಾಲ್ಕನೇ ತಿಂಗಳಿಗೇ ಪುಣೆಗೆ ವರ್ಗವಾಯಿತು, ಬಿಡುತ್ತೇವೆ ಅಂತಿದ್ದಾರೆ. ಅಡ್ವಾನ್ಸ್ ಪೂರ್ತಿ ಹಿಡಿದುಕೊಳ್ಳಿ ಅಂತಾರೆ ನಮ್ಮ ಭಾವ. ಹಾಗೆ ಮಾಡಬಹುದಾ?’

ಸಂಪಾದಕರ ಉತ್ತರ: ಬೇಡ. ಭಾವನವರು ಬೇಜಾರು ಮಾಡಿಕೊಳ್ಳಬಾರದು.

ಲಾಕ್-ಇನ್ ಮುರಿದಿದ್ದು ಅವರೇ, ಪರಿಹಾರ ಕೇಳುವ ಹಕ್ಕು ನಿಮಗಿದೆ. ಎಷ್ಟು ಅನ್ನೋದೇ ಪ್ರಶ್ನೆ. 1872ರ ಕರಾರು ಕಾಯಿದೆಯ 74ನೇ ಕಲಂ ಪ್ರಕಾರ ಪತ್ರದಲ್ಲಿ ಎಷ್ಟೇ ದಂಡ ಬರೆದಿದ್ದರೂ ಅದು ಮೇಲಿನ ಮಿತಿ ಅಷ್ಟೇ. ಅದರೊಳಗೆ ನ್ಯಾಯವಾದಷ್ಟು ಮಾತ್ರ ಸಿಗುತ್ತದೆ. ನಷ್ಟ ತಪ್ಪಿಸಲು ನಿಮಗೆ ದಾರಿ ಇತ್ತಾ ಅಂತ 73ನೇ ಕಲಂ ಕೂಡ ನೋಡುತ್ತದೆ. ಹೊಸಬರು ಹದಿನೈದು ದಿನದಲ್ಲಿ ಬಂದರೆ ನಿಮ್ಮ ನಷ್ಟ ಹದಿನೈದು ದಿನದ್ದು, 9,000 ರೂಪಾಯಿ. ಹಾಗಿರುವಾಗ 1 ಲಕ್ಷ ಹಿಡಿದುಕೊಳ್ಳುವುದು ಹೇಗೆ?

ಇವತ್ತೇ ಟು-ಲೆಟ್ ಬೋರ್ಡ್ ಹಾಕಿ. ಬಾಡಿಗೆಯವರಿಗೂ ಹೇಳಿ, ‘ನೀವೇ ಯಾರನ್ನಾದರೂ ಕರ್ಕೊಂಡು ಬನ್ನಿ, ಬಂದ ದಿನದಿಂದ ನಿಮ್ಮ ಹೊರೆ ಇಳಿಯುತ್ತದೆ’ ಅಂತ. ಈ ಮಾತು ಕೇಳಿದರೆ ಅವರೇ ಆಫೀಸಿನವರನ್ನೆಲ್ಲ ವಿಚಾರಿಸುತ್ತಾರೆ. ಬಾಯಿ ಮಾತಲ್ಲೇ ಮುಗಿಸಬೇಡಿ. ಯಾವ ದಿನ ಬಿಡ್ತಾರೆ, ಎಷ್ಟು ಕಡಿತ, ಬಾಕಿ ಯಾವಾಗ ಕೊಡ್ತೀರಿ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಹಣ ಬ್ಯಾಂಕ್ ಮೂಲಕವೇ ಹೋಗಲಿ.

ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ರೂಢಿ ಬೆಂಗಳೂರಿನಲ್ಲಿದೆ. ಕರಾರಿನಲ್ಲಿದ್ದರೆ ಕೇಳಿ. ಆದರೆ ನಾಲ್ಕು ತಿಂಗಳಿಗೆ ಗೋಡೆ ಎಷ್ಟು ಕೊಳೆಯಾದೀತು? ನಾನಾಗಿದ್ದರೆ ಅರ್ಧ ಬಿಡುತ್ತಿದ್ದೆ.

ಬೀಗದ ಕೈ ತೆಗೆದುಕೊಳ್ಳುವ ದಿನ ಬೆಸ್ಕಾಂ ಮೀಟರ್‌ನ ಫೋಟೋ ತೆಗೆಯಿರಿ. ಕೊನೆಯ ಬಿಲ್ ತಡವಾಗಿ ಬರುತ್ತದೆ, ಅದಕ್ಕೆ ಒಂದಿಷ್ಟು ಹಿಡಿದಿಟ್ಟರೆ ತಪ್ಪಿಲ್ಲ. ಅವರು ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಗೆ ಆಧಾರ್ ಜೋಡಿಸಿದ್ದರೆ ಹೋಗುವ ಮೊದಲೇ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಡಿ-ಲಿಂಕ್ ಮಾಡಿಸಿ. ಇಲ್ಲವಾದರೆ ಹೊಸಬರು ತಮ್ಮ ಆಧಾರ್ ಜೋಡಿಸಲು ಬಂದಾಗ ಪುಣೆಗೆ ಫೋನ್ ಮಾಡಿ ಅವರನ್ನು ಹಿಡಿಯಬೇಕಾದೀತು.