ಮೆದೆವಿಯ ಕಡಲ ಬದಿ ಜಾಗ ಕೇಳಿದವರಿಗೆ

ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ, ಜೊತೆಗೆ ಹೆಂಡತಿ ಮತ್ತು ಆರು ವರ್ಷದ ಮಗಳು. ಬಾಲಿಯ ಪಶ್ಚಿಮ ಭಾಗದ ಮೆದೆವಿ ಹತ್ತಿರ ಕಡಲಿಗೆ ತಾಗಿಕೊಂಡೇ ಹತ್ತು ಆರೆ (ಸುಮಾರು ಕಾಲು ಎಕರೆ) ತೆಂಗಿನ ತೋಟ ಅಗ್ಗಕ್ಕೆ ಸಿಗುತ್ತದೆ ಎಂದು ದಲ್ಲಾಳಿಯೊಬ್ಬ ಫೋಟೊ ಕಳಿಸಿದ್ದಾನೆ. ವಿದೇಶಿಯರ ಹೆಸರಿಗೆ ಆಗುವುದಿಲ್ಲ, ಊರಿನವನೊಬ್ಬನ ಹೆಸರಿಗೆ ಮಾಡಿಸಿಕೊಡುತ್ತೇನೆ ಎಂದೂ ಹೇಳಿದ್ದಾನೆ. ಕೊಳ್ಳಬಹುದೇ, ಶಾಲೆ ಹೇಗೆ, ಮೀನು ಮಾಂಸ ತಿನ್ನದವರ ಗತಿ ಏನು, ಅವರೂ ಹಿಂದೂಗಳೇ ಅಲ್ಲವೇ – ಇವು ನಿಮ್ಮ ಪ್ರಶ್ನೆಗಳು.

ನಾನು ಕುಂದಾಪುರದ ಕಡೆಯವನು. ಜಾವಾದ ಬಟ್ಟೆ ಗಿರಣಿಯೊಂದಕ್ಕೆ ಕೆಲಸಕ್ಕೆ ಬಂದವನು ಜೆಂಬ್ರಾನ ಜಿಲ್ಲೆಯ ಹುಡುಗಿಯನ್ನು ಮದುವೆಯಾಗಿ, ಈಗ ಬಹಳ ವರ್ಷದಿಂದ ಪೆಕುತಾತನ್‌ನಲ್ಲಿದ್ದೇನೆ. ಮೆದೆವಿ ಇದೇ ತಾಲೂಕಿಗೆ ಸೇರಿದ್ದು. ಮನೆ, ಹಿಂದಿನ ತೋಟ, ಬಾವಿ ಎಲ್ಲವೂ ಹೆಂಡತಿಯ ಹೆಸರಿನಲ್ಲಿದೆ. ಇಷ್ಟು ವರ್ಷದ ಮೇಲೂ ನನ್ನ ಹೆಸರಿನಲ್ಲಿ ಈ ದೇಶದಲ್ಲಿ ಒಂದು ಗೇಣು ಮಣ್ಣಿಲ್ಲ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ, ಆದರೂ ಬಿಡಿಸಿ ಹೇಳುತ್ತೇನೆ.

ಇಂಡೋನೇಷ್ಯಾದ ಭೂಮಿಗೆಲ್ಲ ಆಧಾರ 1960ರ 5ನೇ ಕಾಯಿದೆ. ನಾವು ಸ್ವಂತ ಆಸ್ತಿ ಎನ್ನುವುದಕ್ಕೆ ಇಲ್ಲಿ ‘ಹಕ್ ಮಿಲಿಕ್’ ಎನ್ನುತ್ತಾರೆ. ಅದು ಈ ದೇಶದ ಪ್ರಜೆಗಳಿಗೆ ಮಾತ್ರ. ವಿದೇಶಿಯನಿಗೆ ನೇರವಾಗಿ ಮಾತ್ರವಲ್ಲ, ಸುತ್ತಿ ಬಳಸಿ ಕೊಟ್ಟರೂ ಆ ವ್ಯವಹಾರ ಅಸಿಂಧು, ಜಾಗ ಸರ್ಕಾರಕ್ಕೆ ಎಂದು ಅದೇ ಕಾಯಿದೆಯ 26ನೇ ವಿಧಿ ಹೇಳುತ್ತದೆ. ಕೊಟ್ಟ ಹಣವೂ ವಾಪಸ್ ಕೇಳುವ ಹಾಗಿಲ್ಲ. ಅಂದರೆ ನಿಮ್ಮ ದಲ್ಲಾಳಿ ಹೇಳುತ್ತಿರುವುದು ಶುದ್ಧ ಬೇನಾಮಿ. ಸಾಲದ ಪತ್ರ, ಅಧಿಕಾರಪತ್ರ, ಹಿಂದಿನ ತಾರೀಖಿನ ಕರಾರು ಎಂದು ಮೂರು ನಾಲ್ಕು ಕಾಗದ ಮಾಡಿ ‘ಇದೆಲ್ಲ ಭದ್ರ’ ಎನ್ನುತ್ತಾರೆ. ಹೆಸರು ಕೊಟ್ಟವನು ಒಳ್ಳೆಯವನೇ ಇರಬಹುದು, ನನಗೆ ಅವನ ಮೇಲೆ ಅನುಮಾನವಿಲ್ಲ. ಆದರೆ ಅವನೂ ಒಂದು ದಿನ ಸಾಯುತ್ತಾನೆ. ಆಗ ಅವನ ಮಕ್ಕಳ ಕೈಯಲ್ಲಿರುವುದು ಸರ್ಕಾರದ ಸರ್ಟಿಫಿಕೇಟು, ನಿಮ್ಮ ಕೈಯಲ್ಲಿರುವುದು ಕೋರ್ಟಿನಲ್ಲಿ ತೋರಿಸಿದರೆ ನಿಮ್ಮನ್ನೇ ಸಿಕ್ಕಿಸುವ ಕಾಗದ.

ನನ್ನಂಥವರ ಕಥೆಯೂ ಸುಲಭವಲ್ಲ ಎನ್ನಿ. ವಿದೇಶಿಯನನ್ನು ಮದುವೆಯಾದ ಇಲ್ಲಿಯವಳು ಆಸ್ತಿ ಬೇರ್ಪಡಿಸುವ ಕರಾರು ಮಾಡಿಕೊಳ್ಳದಿದ್ದರೆ, ಮದುವೆಯ ನಂತರ ಕೊಂಡ ಜಾಗ ಇಬ್ಬರದೂ ಎಂದಾಗಿ ಅವಳ ಹಕ್ಕಿಗೇ ಕುತ್ತು. ಮೊದಲು ಈ ಕರಾರನ್ನು ಮದುವೆಗೆ ಮುಂಚೆಯೇ ಮಾಡಬೇಕಿತ್ತು. 2016ರಲ್ಲಿ ಇಲ್ಲಿಯ ಸಾಂವಿಧಾನಿಕ ನ್ಯಾಯಾಲಯ ಮದುವೆಯಾದ ಮೇಲೂ ಮಾಡಬಹುದು ಎಂದು ತೀರ್ಪು ಕೊಟ್ಟಿತು. ಹಾಗಾಗಿ ನಾವಿಬ್ಬರೂ ನೋಟರಿಯ ಎದುರು ಕೂತು, ಇದು ನಿನ್ನದು, ಇದು ನನ್ನದಲ್ಲ ಎಂದು ಬರೆದುಕೊಂಡವರು. ಊರಿನ ಅಮ್ಮನಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ: ‘ಮನೆಯಲ್ಲಿ ಜಗಳವೇನಾದರೂ ಆಯಿತಾ?’

ಕಾನೂನು ಒಪ್ಪುವ ದಾರಿಗಳೂ ಇವೆ. ‘ಹಕ್ ಪಕಾಯ್’ ಎಂಬ ಬಳಕೆಯ ಹಕ್ಕು ನಿಮ್ಮ ಹೆಸರಿಗೇ ಬರುತ್ತದೆ. 2021ರ ನಿಯಮದ ಪ್ರಕಾರ ಮೊದಲು 30 ವರ್ಷ, ಆಮೇಲೆ 20, ಮತ್ತೆ 30. ಆದರೆ ವಿದೇಶಿಯರು ಕೊಳ್ಳುವ ಮನೆಗೆ ಪ್ರಾಂತ್ಯವಾರು ಕನಿಷ್ಠ ಬೆಲೆ ನಿಗದಿ ಮಾಡಿದ್ದಾರೆ. ಬಾಲಿಯಲ್ಲಿ ಅದು 5 ಬಿಲಿಯನ್ ರೂಪಿಯಾ, ನಮ್ಮ ಲೆಕ್ಕದಲ್ಲಿ ಎರಡೂವರೆ ಕೋಟಿಯ ಆಚೆ. ಹಳ್ಳಿಯಲ್ಲಿ ತೋಟದ ಮನೆ ಬಯಸುವವರಿಗೆ ಇದು ಹೊಂದುವ ಮಾತಲ್ಲ. ಕಂಪನಿ ಮಾಡಿ ಅದರ ಹೆಸರಿನಲ್ಲಿ ಕಟ್ಟಡದ ಹಕ್ಕು ಪಡೆಯುವುದು ಇನ್ನೊಂದು. ನಿಜವಾಗಿ ವ್ಯಾಪಾರ ಮಾಡುವವರಿಗೆ ಸರಿ. ಮಲಗಲು ಒಂದು ಕೋಣೆ ಬೇಕೆಂದು ಕಂಪನಿ ತೆರೆಯುವುದು ನನಗೆ ಹುಚ್ಚಾಟವಾಗಿ ಕಾಣುತ್ತದೆ.

ಉಳಿದದ್ದು ಗೇಣಿ. ಇಲ್ಲಿ ಬಹುಪಾಲು ವಿದೇಶಿಯರು ಇರುವುದು ಇದರ ಮೇಲೆಯೇ. 25 ಅಥವಾ 30 ವರ್ಷಕ್ಕೆ ಲೀಸ್, ಪೂರ್ತಿ ಹಣ ಮೊದಲೇ ಕೈಗೆ. ದರ ಹೇಳುವುದು ಒಂದು ಆರೆಗೆ ವರ್ಷಕ್ಕೆ ಇಷ್ಟು ಎಂದು. ಒಂದು ಆರೆ ಎಂದರೆ ನೂರು ಚದರ ಮೀಟರ್, ನಮ್ಮ ಸುಮಾರು ಎರಡೂವರೆ ಸೆಂಟ್ಸ್. ನಿಮ್ಮ ಹತ್ತು ಆರೆ ಕಾಲು ಎಕರೆಗಿಂತ ಚೂರು ಕಡಿಮೆ. ಗೇಣಿ ಎಂದ ಕೂಡಲೇ ನಮ್ಮವರಿಗೆ ನೆನಪಾಗುವುದು 1974ರ ಭೂಸುಧಾರಣೆ, ಡಿಕ್ಲರೇಶನ್, ಒಕ್ಕಲು ಕೂತವನೇ ಒಡೆಯನಾದದ್ದು. ಆ ಆಸೆಯನ್ನು ಅಲ್ಲೇ ಬಿಟ್ಟು ಬನ್ನಿ. ಅವಧಿ ಮುಗಿದ ದಿನ ಜಾಗ, ನೀವು ಕಟ್ಟಿದ ಮನೆ, ನೆಟ್ಟ ಹಲಸು, ಎಲ್ಲ ಅವರದು. ಮುಂದುವರಿಸುವ ಮಾತಿದ್ದರೆ ಆಗಿನ ದರವನ್ನು ಹೇಗೆ ಲೆಕ್ಕ ಹಾಕುವುದು ಎಂಬುದು ಕರಾರಿನಲ್ಲೇ ಇರಬೇಕು. ‘ಆಗ ನೋಡೋಣ’ ಎಂದರೆ ಆಗ ಅವರು ಹೇಳಿದ್ದೇ ದರ.

ಒಂದು ಸಮಾಧಾನವಿದೆ. ಒಡೆಯ ಜಾಗ ಮಾರಿದರೂ ಗೇಣಿ ಮುರಿಯುವುದಿಲ್ಲ ಎಂದು ಡಚ್ಚರ ಕಾಲದಿಂದ ಬಂದ ಸಿವಿಲ್ ಕೋಡಿನ 1576ನೇ ವಿಧಿ ಹೇಳುತ್ತದೆ. ಆದರೂ ಅಣ್ಣತಮ್ಮಂದಿರೆಲ್ಲರ ಸಹಿ ಹಾಕಿಸಿಕೊಳ್ಳಿ. ಬಾಲಿಯ ಪದ್ಧತಿಯಲ್ಲಿ ಆಸ್ತಿ ಇಳಿಯುವುದು ಗಂಡುಮಕ್ಕಳಿಗೆ, ಬಾಲಿಯ ರಾಜಧಾನಿ ಡೆನ್‌ಪಸಾರ್‌ನಲ್ಲಿ ಕೆಲಸದಲ್ಲಿರುವ ಮೂರನೆಯವನು ಗಲಾಟೆ ತೆಗೆಯುವುದು ನೀವು ಹಂಚು ಹೊದಿಸಿದ ಮೇಲೆಯೇ. ಗೇಣಿ ಹಣದ ಮೇಲೆ ಶೇ. 10 ತೆರಿಗೆ ಇದೆ. ಕಟ್ಟಬೇಕಾದವನು ಒಡೆಯ, ಆದರೆ ಹಳ್ಳಿಯಲ್ಲಿ ‘ನನ್ನ ಕೈಗೆ ಇಷ್ಟು ಬರಬೇಕು’ ಎಂದು ಹೇಳಿ ಅದನ್ನು ನಿಮ್ಮ ಮೇಲೆ ಹಾಕುವುದೇ ರೂಢಿ. ಯಾರು ಕಟ್ಟುವುದೆಂದು ಬರೆಸಿ.

ಈಗ ನಿಮ್ಮ ಆ ತೋಟದ ಮಾತು. ಫೋಟೊ ನೋಡಿದರೆ ತೆಂಗಿನ ಬುಡಕ್ಕೇ ಅಲೆ ಬಂದ ಹಾಗಿದೆ. ನಮ್ಮಲ್ಲಿ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಇದ್ದ ಹಾಗೆ ಇಲ್ಲೂ ಮನೆ ಕಟ್ಟದೆ ಬಿಡಬೇಕಾದ ಕಡಲಂಚಿನ ಪಟ್ಟಿ ಇದೆ. 2016ರ ಅಧ್ಯಕ್ಷೀಯ ನಿಯಮದಲ್ಲಿ ದೊಡ್ಡ ಉಬ್ಬರದ ಗೆರೆಯಿಂದ ಕನಿಷ್ಠ 100 ಮೀಟರ್ ಎಂದಿದೆ. ಕಡಲಿಗೆ ತಾಗಿದ ಕಾಲು ಎಕರೆಯಲ್ಲಿ ಆ ಪಟ್ಟಿ ಬಿಟ್ಟ ಮೇಲೆ ಮನೆಗೆ ಏನು ಉಳಿಯುತ್ತದೆ, ಅಳೆದು ನೋಡಿ. ಹೊರಗಿನವರು ಕಟ್ಟಿಕೊಂಡಿದ್ದಾರಲ್ಲ ಎನ್ನುತ್ತೀರಿ. ಕಟ್ಟಿಕೊಂಡಿದ್ದಾರೆ, ಕೆಡವಿಸಿಕೊಂಡವರೂ ಇದ್ದಾರೆ. ಕಾನೂನು ಬಿಡಿ, ಕಡಲೇ ಬಿಡುವುದಿಲ್ಲ. ನೆಗಾರಾ ಪಟ್ಟಣದ ಪಶ್ಚಿಮಕ್ಕೆ ಪೆಬುವಾಹನ್ ಎಂಬಲ್ಲಿ ಹೋಗಿ ನೋಡಿ: ಸಾಲು ಮನೆಗಳು, ಮೀನೂಟದ ಅಂಗಡಿಗಳು ಕಡಲು ಕೊರೆದು ಹೋಗಿವೆ. ಉಳ್ಳಾಲ, ಮರವಂತೆ ಕಂಡವರಿಗೆ ಬೇರೆ ವಿವರಣೆ ಬೇಡ.

ಒಳಗಿನ ಜಾಗ ಅಗ್ಗವಿದ್ದರೆ ಅದಕ್ಕೂ ಕಾರಣವಿರುತ್ತದೆ. ವಲಯ ನಕ್ಷೆಯಲ್ಲಿ ಹಸಿರು ಬಣ್ಣದಲ್ಲಿರುವ ಗದ್ದೆಯಲ್ಲಿ ಮನೆಗೆ ಪರವಾನಗಿ ಸಿಗುವುದಿಲ್ಲ. ದೇವಸ್ಥಾನದ ಉಂಬಳಿ, ಊರೊಟ್ಟಿನ ಜಾಗಗಳೂ ಇವೆ. ಅವನ್ನು ಅನುಭವಿಸುವ ಮನೆಯವರಿಗೂ ಮಾರುವ ಅಧಿಕಾರವಿಲ್ಲ. ಇನ್ನು ಬಾಲಿಯ ಪಶ್ಚಿಮ ತುದಿಯ ಗಿಲಿಮಾನುಕ್‌ನಿಂದ ಡೆನ್‌ಪಸಾರ್ ಹತ್ತಿರದ ಮೆಂಗ್ವಿಗೆ ಸುಮಾರು 97 ಕಿ.ಮೀ. ಉದ್ದದ ಟೋಲ್ ರಸ್ತೆ. 2022ರ ಸೆಪ್ಟೆಂಬರಿನಲ್ಲಿ ನಮ್ಮ ಪೆಕುತಾತನ್‌ನಲ್ಲೇ ಅದಕ್ಕೆ ಗುದ್ದಲಿಪೂಜೆ ಆಯಿತು, ಆಮೇಲೆ ಹಣ ಹಾಕುವವರಿಲ್ಲದೆ ನಿಂತುಹೋಯಿತು. ಗೆರೆಯೊಳಗೆ ಬಿದ್ದ ತೋಟದವರು ಮಾರಲೂ ಆಗದೆ, ಪರಿಹಾರವೂ ಬಾರದೆ ಕಾದಿದ್ದಾರೆ. ‘ಟೋಲ್ ಬಂದರೆ ಬೆಲೆ ಹತ್ತು ಪಟ್ಟು’ ಎನ್ನುವ ದಲ್ಲಾಳಿಗಳಿಗೆ ಮಾತ್ರ ಇದರಿಂದ ಲಾಭ.

ಕಾಗದ ಎಲ್ಲ ಸರಿಯಿದ್ದರೂ ಸಾಲದು. ಇಲ್ಲಿ ಸರ್ಕಾರದ ಪಂಚಾಯತಿ ಬೇರೆ, ಸಂಪ್ರದಾಯದ ಊರು ಬೇರೆ. ಎರಡನೆಯದಕ್ಕೆ ತನ್ನದೇ ಬರಹದ ಕಟ್ಟಳೆ ಇದೆ, ಕೇರಿಗೆ ‘ಬಂಜಾರ್’ ಎಂಬ ಕೂಟವಿದೆ, ಹಬ್ಬದ ದಿನ ದಾರಿ ಕಾಯುವ ಅದರದೇ ಪಡೆ ಇದೆ. ನಿಮ್ಮ ಮನೆಗೆ ಬರುವ ದಾರಿ ಯಾರ ತೋಟದೊಳಗೆ ಹಾದಿದೆ, ನೀರಿನ ಪೈಪು ಯಾರ ಗದ್ದೆ ಬದುವಿನಲ್ಲಿದೆ ಎಂಬ ತಕರಾರು ಕೋರ್ಟಿಗೆ ಹೋಗುವುದಕ್ಕೆ ಮುಂಚೆ ಬಂಜಾರ್‌ನ ಚಾವಡಿಯಲ್ಲಿ ತೀರ್ಮಾನವಾಗುತ್ತದೆ. ಹೊರಗಿನಿಂದ ಬಂದವರು ತಿಂಗಳ ವಂತಿಗೆ ಕೊಡಬೇಕು. ಕೊಟ್ಟರೆ ಮುಗಿಯಲಿಲ್ಲ, ಸಾವಿನ ಮನೆಗೆ ಹೋಗಬೇಕು. ಮದುವೆಗೆ ಹೋಗದಿದ್ದರೆ ಕ್ಷಮಿಸುತ್ತಾರೆ; ಸಾವಿಗೆ ಹೋಗದವನನ್ನು ಊರು ತನ್ನವನೆಂದು ಎಣಿಸುವುದಿಲ್ಲ.

ಹಿಂದೂ ಎಂಬ ಕಾರಣಕ್ಕೆ ನಿಮಗೆ ಗೌರವ ಸಿಗುತ್ತದೆ. ಇಂಡಿಯಾದವರು ಎಂದಾಗ ಮಹಾಭಾರತದ ಮಾತು ತೆಗೆಯುತ್ತಾರೆ. ಅದರಾಚೆಗೆ ಅದು ಅವರ ಧರ್ಮ, ಅವರ ಪೂರ್ವಜರ ಗುಡಿ. ಹಂದಿಮಾಂಸ ನೈವೇದ್ಯಕ್ಕೂ ಬರುತ್ತದೆ, ಕೋಳಿಯ ರಕ್ತವೂ ಬೀಳುತ್ತದೆ. ‘ನಮ್ಮಲ್ಲಿ ಹೀಗಲ್ಲ’ ಎಂದು ತಿದ್ದಲು ಹೊರಟ ನಮ್ಮವರನ್ನು ನೋಡಿ ನನಗೇ ನಾಚಿಕೆಯಾಗಿದೆ. ನಮ್ಮ ಯುಗಾದಿಯ ಆಸುಪಾಸಿನಲ್ಲೇ ಇವರ ಶಕ ವರ್ಷದ ಮೊದಲ ದಿನ ನ್ಯೆಪಿ ಬರುತ್ತದೆ. ಅಂದು ಬೆಂಕಿ ಹಚ್ಚುವಂತಿಲ್ಲ, ಹೊರಗೆ ಕಾಲಿಡುವಂತಿಲ್ಲ, ವಿಮಾನ ನಿಲ್ದಾಣವೂ ಮುಚ್ಚುತ್ತದೆ. 2018ರಿಂದ ಮೊಬೈಲ್ ಇಂಟರ್ನೆಟ್ಟೂ ಬಂದ್. ನಿಮ್ಮ ಮ್ಯಾನೇಜರಿಗೆ ಆ ದಿನದ ರಜೆ ಮೊದಲೇ ಹೇಳಿಡಿ. ಅಂದಹಾಗೆ ಜೆಂಬ್ರಾನ ಬರೀ ಹಿಂದೂಗಳ ಜಿಲ್ಲೆಯೂ ಅಲ್ಲ. ಮೆದೆವಿಯಲ್ಲೇ ಮುಸ್ಲಿಮರ ಕೇರಿ ಇದೆ, ನೆಗಾರಾದ ಲೊಲೊವಾನ್‌ನಲ್ಲಿ ಬೂಗಿಸ್ ಮತ್ತು ಮಲಯ ಮೂಲದವರಿದ್ದಾರೆ, ಒಳನಾಡಿನ ಬ್ಲಿಂಬಿಂಗ್‌ಸಾರಿ, ಪಲಸಾರಿ ಎರಡೂ ಕ್ರೈಸ್ತರ ಊರುಗಳು. ಬಾಲಿ ಎಂದರೆ ಫೋಟೊದಲ್ಲಿ ಕಾಣುವುದಷ್ಟೇ ಎಂದುಕೊಂಡವರಿಗೆ ಈ ಜಿಲ್ಲೆ ಅರ್ಥವಾಗುವುದಿಲ್ಲ.

ಕರಾವಳಿಯವನಾದ ನನಗೆ ಇಲ್ಲಿ ಹೊಂದಿಕೊಳ್ಳಲು ಕಷ್ಟವಾಗಲಿಲ್ಲ. ಬಾಲಿ ಜಲಸಂಧಿಯಲ್ಲಿ ಸಿಗುವ ಲೆಮುರು ಮೀನು ನಮ್ಮ ಬೈಗೆಯ (ಬೂತಾಯಿ ಮೀನಿನ) ದಾಯಾದಿ. ಪೆಂಗಂಬೆಂಗನ್ ಬಂದರಿನಲ್ಲಿ ಅದನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳಿವೆ, ಗಾಳಿ ಈಚೆ ತಿರುಗಿದರೆ ವಾಸನೆಯೂ ಮಲ್ಪೆಯದೇ. ಕೋಣ ಓಡಿಸುವ ಮಕೆಪುಂಗ್ ಇದೆ. ನಮ್ಮ ಕಂಬಳದ ಹಾಗೆ ಕೆಸರಲ್ಲಿ ಓಡುವ ಬಗೆಯೂ ಇದೆ, ಆದರೆ ಹೆಸರಾದದ್ದು ಒಣ ದಾರಿಯಲ್ಲಿ ಗಾಡಿ ಕಟ್ಟಿ ಓಡಿಸುವುದು. ಇಜೊಗಾಡಿಂಗ್ ಹೊಳೆಯ ಪೂರ್ವದವರಿಗೂ ಪಶ್ಚಿಮದವರಿಗೂ ಪೈಪೋಟಿ. ಮಳೆ ಬಿಟ್ಟ ತಿಂಗಳುಗಳ ಭಾನುವಾರ ಬೆಳಿಗ್ಗೆ ನಾನು ಮನೆಯಲ್ಲಿ ಸಿಗುವುದಿಲ್ಲ.

ನೀವು ಸಸ್ಯಾಹಾರಿಗಳು. ಉಪವಾಸ ಬೀಳುವುದಿಲ್ಲ. ಸೋಯಾ ಕಾಳು ಹುದುಗಿಸಿ ಮಾಡುವ ಟೆಂಪೆ, ತೋಫು ಪ್ರತಿ ಸಂತೆಯಲ್ಲಿದೆ. ಹಲಸಿನ ಗುಜ್ಜೆ, ಬಾಳೆಹೂವು, ನುಗ್ಗೆಸೊಪ್ಪು, ತೆಂಗು ನಮ್ಮಲ್ಲಿದ್ದಷ್ಟೇ. ತೊಂದರೆ ಇರುವುದು ‘ತೆರಾಸಿ’ ಎಂಬ ಸಿಗಡಿ ಹಿಂಡಿಯಿಂದ. ನೋಡಲು ಬರೀ ತರಕಾರಿ ಎನಿಸಿದ ಪಲ್ಯದ ಮಸಾಲೆಯಲ್ಲೂ ಅದು ಇರುತ್ತದೆ. ಮಾಂಸ ಬೇಡ ಎಂದರೆ ಸಾಲದು, ತೆರಾಸಿ ಬೇಡ ಎಂದೇ ಹೇಳಬೇಕು. ಉದ್ದಿನಬೇಳೆಗೆ ಡೆನ್‌ಪಸಾರ್‌ಗೆ ಹೋಗಬೇಕು. ಕರಿಬೇವು ಮನೆಯಲ್ಲೇ ಬೆಳೆಸಿಕೊಳ್ಳಿ.

ವೀಸಾ ವಿಚಾರ ಖಡಾಖಂಡಿತ. ಇಳಿದ ಕೂಡಲೇ ಸಿಗುವುದಕ್ಕೆ 5 ಲಕ್ಷ ರೂಪಿಯಾ, 30 ದಿನ, ಒಮ್ಮೆ ಮಾತ್ರ ಇನ್ನೊಂದು 30 ದಿನ. ಅದು ತಿರುಗಾಟಕ್ಕೆ, ಸಂಸಾರ ಹೂಡುವುದಕ್ಕಲ್ಲ. ಹೊರದೇಶದ ಕಂಪನಿಗೆ ಇಲ್ಲಿ ಕೂತು ಕೆಲಸ ಮಾಡುವವರಿಗೆ ಇ33ಜಿ ಎಂಬ ಒಂದು ವರ್ಷದ ವೀಸಾ ಇದೆ, ವರ್ಷಕ್ಕೆ 60,000 ಡಾಲರ್ ವರಮಾನ ತೋರಿಸಬೇಕು. ನಿಮ್ಮ ಸಂಬಳ ಅಷ್ಟಿದ್ದರೆ ಮುಂದಿನ ಮಾತು, ಇಲ್ಲದಿದ್ದರೆ ತೋಟದ ಮಾತೇ ಬೇಡ. ಹನ್ನೆರಡು ತಿಂಗಳಲ್ಲಿ 183 ದಿನಕ್ಕಿಂತ ಹೆಚ್ಚು ಇದ್ದರೆ ಇಲ್ಲಿಯ ತೆರಿಗೆ ಇಲಾಖೆಯ ಲೆಕ್ಕಕ್ಕೂ ಬರುತ್ತೀರಿ. ಬೆಂಗಳೂರಿನ ಲೆಕ್ಕಪರಿಶೋಧಕರನ್ನು ಹೊರಡುವ ಮೊದಲೇ ಕೇಳಿ.

ಮಗಳ ಶಾಲೆಯೇ ನನಗೆ ದೊಡ್ಡ ಅಡ್ಡಿಯಾಗಿ ಕಾಣುವುದು. ಹಳ್ಳಿಯ ಶಾಲೆಯಲ್ಲಿ ಪಾಠ ಇಂಡೋನೇಷ್ಯಾ ಭಾಷೆಯಲ್ಲಿ, ಜೊತೆಗೆ ಬಾಲಿ ಭಾಷೆ. ಆರು ವರ್ಷದ ಮಗು ಬೇಗ ಕಲಿತುಬಿಡುತ್ತದೆ, ಭಯವಿಲ್ಲ. ಆದರೆ ನಾಲ್ಕು ವರ್ಷ ಬಿಟ್ಟು ಮತ್ತೆ ಬೆಂಗಳೂರಿನ ಶಾಲೆಗೆ ಸೇರಿಸುವಾಗ ಏನು ಮಾಡುತ್ತೀರಿ? ಇಂಗ್ಲಿಷ್ ಶಾಲೆಗಳಿರುವುದು ದಕ್ಷಿಣದಲ್ಲಿ, ಜಾವಾದ ಲಾರಿಗಳೆಲ್ಲ ಓಡುವ ಹೆದ್ದಾರಿಯಲ್ಲಿ ಎರಡು ಮೂರು ಗಂಟೆಯ ದಾರಿ. ದಿನಾ ಹೋಗಿ ಬರುವುದು ಆಗದ ಮಾತು. ಆಸ್ಪತ್ರೆಯದೂ ಅಷ್ಟೆ. ಸಣ್ಣಪುಟ್ಟದ್ದಕ್ಕೆ ತಾಲೂಕಿನ ಆರೋಗ್ಯ ಕೇಂದ್ರ, ಸ್ವಲ್ಪ ದೊಡ್ಡದಕ್ಕೆ ನೆಗಾರಾ, ಹೃದಯ ತಲೆ ಎಂದರೆ ಅದೇ ಹೆದ್ದಾರಿ ಹಿಡಿದು ಡೆನ್‌ಪಸಾರ್.

ಹಾಗಾಗಿ ಮುಂಗಡ ಕೊಡಬೇಡಿ. ದಲ್ಲಾಳಿಯಿಂದ ಸರ್ಟಿಫಿಕೇಟಿನ ಪ್ರತಿ ಕೇಳಿ. ಭೂ ಇಲಾಖೆಯ ‘ಭೂಮಿ’ ನಕ್ಷೆ ಇಂಟರ್ನೆಟ್ಟಿನಲ್ಲೇ ಇದೆ, ಆ ಜಾಗ ಅಲ್ಲಿ ಎಂಥ ಹಕ್ಕಿನದು ಎಂದು ಕಾಣಿಸುತ್ತದೆ. ಪ್ರತಿ ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಗೇ ಬಿಡಿ. ಬರುವುದಾದರೆ ತಿಂಗಳ ಬಾಡಿಗೆಗೆ ಮನೆ ಹಿಡಿದು ಡಿಸೆಂಬರ್ ಜನವರಿಯಲ್ಲಿ ಬನ್ನಿ, ಆಗಸ್ಟಿನಲ್ಲಿ ಬೇಡ. ಮಳೆಗಾಲದಲ್ಲಿ ಯಾವ ದಾರಿಗೆ ನೀರು ಏರುತ್ತದೆ, ಕಡಲು ಎಲ್ಲಿಯವರೆಗೆ ಬರುತ್ತದೆ ಎಂದು ಕಣ್ಣಾರೆ ನೋಡಬಹುದು. 2022ರ ಅಕ್ಟೋಬರಿನಲ್ಲಿ ಬಿಲುಕ್ ಪೊಹ್ ಹೊಳೆ ಉಕ್ಕಿ ಹೆದ್ದಾರಿಯನ್ನೇ ಕಟ್ಟಿಹಾಕಿತ್ತು. ಬಾಡಿಗೆ ಮನೆಯ ಒಡೆಯರು ಪಾಸ್‌ಪೋರ್ಟಿನ ಪ್ರತಿ ಕೇಳಿದರೆ ಕೊಡಿ, ಬಂಜಾರ್‌ನ ಮುಖ್ಯಸ್ಥರಿಗೆ ತಿಳಿಸಬೇಕಾಗುತ್ತದೆ. ಬಂದ ವಾರದಲ್ಲೇ ನೀವೂ ಒಮ್ಮೆ ಅವರ ಮನೆಗೆ ಹೋಗಿ ಬನ್ನಿ. ಹೆಂಡತಿ ಮಗಳನ್ನೂ ಕರೆದುಕೊಂಡು ಹೋಗಿ, ಸಂಜೆ ಹೊತ್ತಿಗೆ.