ಮೇಲಿನ ದವಡೆ ಹಲ್ಲಿಗೆ ಇಂಪ್ಲಾಂಟ್: ಓಪಿಜಿ ಸಾಕಾ? ಯಾವ ಕಂಪನಿಯದು ಒಳ್ಳೇದು?

ಓಪಿಜಿಯಲ್ಲಿ (ಇಡೀ ದವಡೆಯ ಚಪ್ಪಟೆ ಎಕ್ಸ್‌ರೇ) ಎಲುಬು ಸಾಕಷ್ಟಿದೆ ಅಂದಿದ್ದಾರೆ, ಸಿಬಿಸಿಟಿ (ದವಡೆಯ 3ಡಿ ಸ್ಕ್ಯಾನ್) ದುಡ್ಡು ದಂಡ, ಇಂಪ್ಲಾಂಟ್ (ಹಲ್ಲಿನ ಬೇರಿನ ಬದಲು ಎಲುಬಿಗೆ ಕೂರಿಸುವ ಸ್ಕ್ರೂ) ಯಾವ ಕಂಪನಿಯದು ಹೇಳಿ ಅಂತ ಕೇಳಿದ್ದೀರಿ. ಬಳ್ಳಾರಿಯಲ್ಲಿ ಹಲ್ಲಿನ ಕ್ಲಿನಿಕ್ ತೆರೆದ ಹೊಸದರಲ್ಲಿ ನಾನೂ ಹಿಂಗೇ ಅಂದುಕೊಂಡಿದ್ದೆ. ನೀವು ಕುರ್ಚಿಯಲ್ಲಿ ಕೂತವರು, ನಾನು ಡ್ರಿಲ್ ಹಿಡಿದವನು, ಅಷ್ಟೇ ಫರಕು.

ಸಿರುಗುಪ್ಪ ಕಡೆಯ ರೈಸ್ ಮಿಲ್ಲಿನವರೊಬ್ಬರು. ಎಡಗಡೆ ಮೇಲಿನ ಮೊದಲ ದವಡೆ ಹಲ್ಲು ಕೀಳಿಸಿ ವರ್ಷಗಳಾಗಿದ್ದವು. ಹಲ್ಲು ಹೋದಮೇಲೆ ಮೇಲಿನ ಸೈನಸ್ (ಕೆನ್ನೆಯ ಎಲುಬಿನೊಳಗಿನ ಗಾಳಿಗೂಡು) ಕೆಳಗೆ ಇಳಿಯುತ್ತದೆ, ಎಲುಬು ಸವೆಯುತ್ತದೆ. ಓಪಿಜಿಯಲ್ಲಿ ಸೈನಸ್ ತಳದ ಬಿಳಿ ಗೆರೆ ಎಲುಬಿನ ಅಂಚಿನಿಂದ 11 ಮಿ.ಮೀ. ಎತ್ತರದಲ್ಲಿತ್ತು. ಓಪಿಜಿ ಸುಮಾರು ಕಾಲು ಪಾಲು ದೊಡ್ಡದು ಮಾಡಿ ತೋರಿಸುತ್ತದೆ ಅನ್ನೋದು ಗೊತ್ತಿತ್ತು, 1.25ರಿಂದ ಭಾಗಿಸಿದೆ, 8.8 ಬಂತು. 8 ಮಿ.ಮೀ. ಇಂಪ್ಲಾಂಟ್ ಇಟ್ಟುಕೊಂಡೆ. ಲೆಕ್ಕ ಸರಿಯೇ ಇತ್ತು. ಗೆರೆಯೇ ತಪ್ಪು.

ಸೈನಸ್ ಒಳಗೆ ಕೆಲವರಿಗೆ ಎಲುಬಿನ ಅಡ್ಡಗೋಡೆ ಇರುತ್ತದೆ. 1910ರಲ್ಲಿ ಅಂಡರ್‌ವುಡ್ ವಿವರಿಸಿದ್ದಕ್ಕೆ ಅವರ ಹೆಸರಲ್ಲೇ ಕರೆಯುತ್ತಾರೆ. ಬಹುತೇಕ ಗೋಡೆಗಳು ಕೆನ್ನೆಯಿಂದ ಅಂಗುಳದ ಕಡೆಗೆ ಹೋಗುತ್ತವೆ, ಓಪಿಜಿಯಲ್ಲಿ ಮುಳ್ಳಿನಂತೆ ನೆಟ್ಟಗೆ ಕಾಣುತ್ತವೆ, ಯಾರಿಗಾದರೂ ಗೊತ್ತಾಗುತ್ತದೆ. ಇವರದು ಹಿಂದೆ-ಮುಂದೆ ಓಡುವ ಅಪರೂಪದ ಗೋಡೆ. ಪಕ್ಕದಿಂದ ನೋಡಿದರೆ ಅದರ ನೆತ್ತಿ ಅಡ್ಡ ಗೆರೆಯಾಗಿ ಬೀಳುತ್ತದೆ, ಥೇಟ್ ಸೈನಸ್ ತಳದ ಹಾಗೇ. ನಾನು ಅಳೆದದ್ದು ಗೋಡೆಯ ನೆತ್ತಿಯನ್ನು. ಡ್ರಿಲ್ ಇಳಿದದ್ದು ಗೋಡೆಯ ಪಕ್ಕದಲ್ಲಿ, ಅಲ್ಲಿ ಎಲುಬು ಇದ್ದದ್ದು 5 ಮಿ.ಮೀ. ಚಿಲ್ಲರೆ. ಡ್ರಿಲ್ಲಿನ ಚೂಪು ತುದಿ ಬೇರೆ ಆಳದ ಗುರುತಿಗಿಂತ ಸ್ವಲ್ಪ ಮುಂದೆ ಹೋಗುತ್ತದೆ. ಕೈಗೆ ಆಸರೆ ತಪ್ಪಿತು. ಮೂಗು ಹಿಡಿದು ಮೆಲ್ಲಗೆ ಊದ್ರಿ ಅಂದೆ. ತೂತಿನ ರಕ್ತದಲ್ಲಿ ಗುಳ್ಳೆ ಎದ್ದವು. ಮೊಟ್ಟೆಯ ಒಳಪೊರೆಯಂಥ ಸೈನಸ್ ಪೊರೆ ಹರಿದಿತ್ತು.

ಅಲ್ಲೇ ಹೊಲಿಗೆ ಹಾಕಿ ತಿಂಗಳುಗಟ್ಟಲೆ ಕಾಯಬೇಕಿತ್ತು. ನಾನು ಇಂಪ್ಲಾಂಟ್ ಕೂರಿಸಿದೆ, ಹಿಡಿತವಿಲ್ಲದ ಎಲುಬಿನಲ್ಲಿ. ನಾಲ್ಕು ತಿಂಗಳ ಮೇಲೆ ಅದರ ಮುಚ್ಚಳದ ಸ್ಕ್ರೂ ಬಿಚ್ಚಲು ಡ್ರೈವರ್ ಒತ್ತಿದರೆ ಇಂಪ್ಲಾಂಟ್ ಸೈನಸ್ ಒಳಗೆ ಜಾರಿತು. ಇಎನ್‌ಟಿಯವರು ಮೂಗಿನಿಂದ ದುರ್ಬೀನು ಹಾಕಿ ತೆಗೆದರು, ಖರ್ಚು ನನ್ನದು. ಕಂಪನಿ? ಪೇಟೆಯಲ್ಲೇ ದುಬಾರಿದು.

ಅದಕ್ಕೇ ಕಂಪನಿಯ ಪ್ರಶ್ನೆಗೆ ಉತ್ತರ ಕೊಡಲ್ಲ. ಮೇಲ್ದವಡೆಯ ಹಿಂಭಾಗಕ್ಕೆ ಸಿಬಿಸಿಟಿ ಇಲ್ಲದೆ ಇಂಪ್ಲಾಂಟ್ ಬೇಡ. ಗಂಗಾವತಿಯಿಂದ ಬಸ್ ಹತ್ತಿ ಹೋಗಬೇಕಾದರೂ ಹೋಗ್ರಿ. ರಿಪೋರ್ಟ್ ಕಾಗದ ಒಂದೇ ಸಾಲದು, ಸಿಡಿ ಈಸ್ಕೊಳ್ರಿ. ಒಂದೊಂದು ಮಿ.ಮೀ.ಗೆ ಅಡ್ಡ ಕೊಯ್ದ ಚಿತ್ರಗಳಲ್ಲಿ ಡಾಕ್ಟರು ನಿಮ್ಮೆದುರೇ ಅಳೆಯಲಿ. ಎಲುಬು 8ರ ಮೇಲಿದ್ದರೆ ನೇರ ಇಂಪ್ಲಾಂಟ್. 5ರಿಂದ 8 ಇದ್ದರೆ ತೂತಿನೊಳಗಿಂದಲೇ ಸೈನಸ್ ಪೊರೆ ಮೇಲಕ್ಕೆತ್ತಿ ಇಂಪ್ಲಾಂಟ್ ಹಾಕುವುದು ರೂಢಿ. 5ಕ್ಕಿಂತ ಕಡಿಮೆ ಇದ್ದರೆ ಕೆನ್ನೆ ಕಡೆಯಿಂದ ಕಿಟಕಿ ಕೊರೆದು ಎಲುಬಿನ ಪುಡಿ ತುಂಬಬೇಕು, ಆರೆಂಟು ತಿಂಗಳ ಕೆಲಸ. ಆ ಕೆನ್ನೆ ಕಡೆಯ ಗೋಡೆಯಲ್ಲಿ ಓಡುವ ರಕ್ತನಾಳ ಎಲ್ಲಿದೆ, ಎಷ್ಟು ದಪ್ಪ ಅನ್ನೋದನ್ನೂ ಮೊದಲೇ ನೋಡಿಕೊಳ್ಳಬೇಕು. ಪೊರೆ ತುಂಬಾ ದಪ್ಪಗಾಗಿದ್ದರೆ ಅಥವಾ ಸೈನಸ್ ಬಾಯಿ ಕಟ್ಟಿದ್ದರೆ ಮೊದಲು ಇಎನ್‌ಟಿ.

ಪೊರೆ ಎತ್ತಿಸಿಕೊಂಡರೆ ಎರಡು ವಾರ ಮೂಗು ಊದಿ ಸಿಂಬಳ ತೆಗೀಬೇಡ್ರಿ. ಸೀನು ಬಂದರೆ ಬಾಯಿ ತೆರೆದೇ ಸೀನ್ರಿ.