ಗಿಡಗಳ ಜೀನೋಮ್ (ಅಂದರೆ ಅವುಗಳ ಇಡೀ ಡಿಎನ್‌ಎ) ಓದುವುದರಿಂದ ರೈತರಿಗೆ ನಿಜಕ್ಕೂ ಏನು ಲಾಭ?

ಗದ್ದೆಯಲ್ಲೇ ಕಣ್ಣಿಗೆ ಕಾಣುವ ಲಾಭ ಬೇಕೆಂದರೆ ಸ್ವರ್ಣಾ-ಸಬ್1 ಭತ್ತವನ್ನು ನೋಡಿ.

ಸ್ವರ್ಣಾ ಪೂರ್ವ ಭಾರತದ ರೈತರ ಮೆಚ್ಚಿನ ತಳಿ. ಆದರೆ ನೆರೆಯಲ್ಲಿ ಹತ್ತು ಹನ್ನೆರಡು ದಿನ ಮುಳುಗಿದರೆ ಪೈರು ಕೈಬಿಟ್ಟಂತೆಯೇ. ಒಡಿಶಾದ ಹಳೆಯ ತಳಿ ಎಫ್‌ಆರ್13ಎ ಮಾತ್ರ ಎರಡು ವಾರ ತಡೆದುಕೊಳ್ಳುತ್ತಿತ್ತು, ಇಳುವರಿ ಕಡಿಮೆ. ಆ ತಾಳಿಕೆಯ ಹಿಂದಿರುವ ಸಬ್1ಎ ಜೀನನ್ನು ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದರು.

ಅದು ಕೆಲಸ ಮಾಡುವ ರೀತಿ ನನಗೆ ಬಹಳ ಇಷ್ಟ. ಮಾಮೂಲಿ ಭತ್ತ ನೀರಿನಿಂದ ತಲೆ ಎತ್ತಲು ಸರಸರನೆ ಉದ್ದವಾಗಿ, ಕೂಡಿಟ್ಟ ಪಿಷ್ಟವನ್ನೆಲ್ಲ ಖರ್ಚು ಮಾಡಿ ಸೋಲುತ್ತದೆ. ಸಬ್1ಎ ಇದ್ದರೆ ಗಿಡ ಬೆಳೆಯದೆ ಸುಮ್ಮನಿರುತ್ತದೆ. ನೀರಿಳಿದಾಗ ಉಳಿದ ಶಕ್ತಿಯಿಂದ ಮತ್ತೆ ಚಿಗುರುತ್ತದೆ.

ಜೀನಿನ ಜಾಗ ಗೊತ್ತಾದ್ದರಿಂದ, ಆ ಜೀನ್ ಇರುವ ತಳಿಯನ್ನು ಸ್ವರ್ಣಾದೊಂದಿಗೆ ಕೂಡಿಸಿ ಪಡೆದ ಸಸಿಗಳಲ್ಲಿ ಅದು ಯಾವುದಕ್ಕೆ ಬಂದಿದೆ ಎಂದು ಎಲೆಯ ಡಿಎನ್‌ಎ ಪರೀಕ್ಷಿಸಿಯೇ ತಿಳಿಯಬಹುದು. ಹಾಗೆ ಆರಿಸಿದ ಸಸಿಗಳನ್ನು ಮತ್ತೆ ಮತ್ತೆ ಸ್ವರ್ಣಾದೊಂದಿಗೇ ಕೂಡಿಸಿದರು. 2009ರಲ್ಲಿ ಭಾರತದಲ್ಲಿ ಸ್ವರ್ಣಾ-ಸಬ್1 ತಳಿ ಬಿಡುಗಡೆಯಾಯಿತು. ಇದು ಕುಲಾಂತರಿಯಲ್ಲ, ಬರೀ ಪರಾಗಸ್ಪರ್ಶದ ಕೆಲಸ.

ಎಲ್ಲ ಗುಣಗಳೂ ಇಷ್ಟು ಸುಲಭವಾಗಿ ಸಿಗವು. ಬರ ತಾಳಿಕೆ, ಇಳುವರಿಯಂಥವು ಹತ್ತಾರು ಜೀನ್‌ಗಳ ಕೂಡಾಟ. ಅಲ್ಲಿ ಇಡೀ ಜೀನೋಮಿನ ಗುರುತುಗಳನ್ನು ಒಟ್ಟಿಗೆ ಲೆಕ್ಕ ಹಾಕಿ ಸಸಿ ಆರಿಸುತ್ತಾರೆ.